ಮೂರು ಪಕ್ಷದ ಊಟ

ಈಗ ಪಕ್ಷ ಅಂದರೆ ಬಾವುಟ, ಮೈಕು, ಓಟು. ನಮ್ಮ ಕಡೆ ಆಗ ಪಕ್ಷ ಅಂದರೆ ಕುರಿ. ಮಾರ್ನಮಿಗೆ ಮುಂಚೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತೇವಲ್ಲ, ಅದು ಪಕ್ಷ. ಹೊಸ ಪಂಚೆ, ಸೀರೆ ಮಡಿಸಿಟ್ಟು, ಅವರು ಬದುಕಿದ್ದಾಗ ಆಸೆಪಟ್ಟು ತಿನ್ನುತ್ತಿದ್ದುದನ್ನೆಲ್ಲ ಬಾಳೆಯೆಲೆಗೆ ಬಡಿಸಿ, ಬೀಡಿ ಸೇದುತ್ತಿದ್ದವರಿಗೆ ಬೀಡಿಯನ್ನೂ ಇಟ್ಟು, ಸಾಂಬ್ರಾಣಿ ಹಾಕಿ, ನಡುಮನೆಯ ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದು ಕೂರುವುದು. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಆ ಬಾಗಿಲನ್ನು ಯಾರೂ ತೆಗೆಯಬಾರದು. ಆಮೇಲೆ ನಮ್ಮ ಊಟ. "ನಿಮ್ಮನೇಲಿ ಪಕ್ಷ ಯಾವತ್ತು?" ಅಂತ ಕೇಳುವುದು, ನೆಂಟರನ್ನು ಕರೆಯುವುದು, ಅವರು ಬಂದು ಮೂಳೆ ಕಡಿಯುವುದು, ಇಷ್ಟೇ. ಇನ್ನೊಂದು ಬಗೆಯ ಪಕ್ಷವೂ ಇದೆ ಅಂತ ನನ್ನ ಗಂಡನಿಗೆ ಗೊತ್ತಿತ್ತು, ನನಗೆ ಅರೆಬರೆ ಗೊತ್ತಿತ್ತು, ನಮ್ಮ ಅತ್ತೆಗೆ ಗೊತ್ತಿರಲಿಲ್ಲ. ಮುಂದಿನದೆಲ್ಲ ಆಗಿದ್ದು ಅದರಿಂದ.

ದೆಹಲಿಯಲ್ಲಿ ಬಾವುಟ ಏರಿಸಿ ಬಿಳಿಯರು ಗಂಟುಮೂಟೆ ಕಟ್ಟಿದ ವರ್ಷ ಅದು. ನಮ್ಮ ಮೈಸೂರು ಸೀಮೆಯಲ್ಲಿ ಮಾತ್ರ ಇನ್ನೂ ಮಹಾರಾಜರು ನೇಮಿಸಿದ ದಿವಾನರದೇ ಆಡಳಿತ. ಜನ ಆರಿಸಿದವರ ಕೈಗೆ ಆಡಳಿತ ಕೊಡಿ ಅಂತ ಊರೂರಲ್ಲಿ ಕೂಗೆದ್ದಿತ್ತು. ಅದಕ್ಕೆ ಜವಾಬ್ದಾರಿ ಸರ್ಕಾರ ಅಂತ ಹೆಸರು. ಮದ್ದೂರಿನ ತಾಲ್ಲೂಕು ಕಚೇರಿಗೆ ಮೆರವಣಿಗೆಯ ಮೇಲೆ ಮೆರವಣಿಗೆ. ನಮ್ಮ ಊರು ಸೋಮನಹಳ್ಳಿಗೆ ಹೋಗುವ ದಾರಿಯಿಂದ ಒಂದಿಷ್ಟು ಒಳಗೆ. ರಸ್ತೆಯಲ್ಲಿ ಜನ ಕೂಗಿಕೊಂಡು ಹೋಗುವುದು ನಮ್ಮ ಹಿತ್ತಲಿಗೆ ಕೇಳಿಸುತ್ತಿತ್ತು.

ನನಗೆ ಆಗ ಹತ್ತೊಂಬತ್ತೋ ಇಪ್ಪತ್ತೋ. ನನಗಿದ್ದುದು ಒಂದೇ ಆಸೆ, ಆ ಮೆರವಣಿಗೆಯಲ್ಲಿ ನಾನೂ ನಡೆಯಬೇಕು ಅಂತ. ದೇಶಕ್ಕಾಗಿ ಅಂತ ಈಗ ಬಣ್ಣ ಹಚ್ಚುವುದಿಲ್ಲ. ಮೆರವಣಿಗೆ ಚೆನ್ನಾಗಿತ್ತು, ನನಗೆ ಗಂಟಲಿತ್ತು. ಗದ್ದೆಯಲ್ಲಿ ನಿಂತು ಗಿಣಿ ಓಡಿಸಲು ಕೂಗಿದರೆ ಪಕ್ಕದ ಊರಿನ ಎಮ್ಮೆಯೂ ತಲೆ ಎತ್ತುತ್ತಿತ್ತು. ಅಷ್ಟು ದೊಡ್ಡ ಗಂಟಲನ್ನು ಗಿಣಿಗೇ ಖರ್ಚು ಮಾಡುವುದು ಅನ್ಯಾಯ ಅನಿಸುತ್ತಿತ್ತು.

ಗಂಡನನ್ನು ಕೇಳಿದೆ. "ನಾನೂ ಬತ್ತೀನಿ ಮದ್ದೂರಿಗೆ."

"ಎಂಗಸ್ರು ಯಾಕೆ?"

"ಗಂಡಸ್ರು ಯಾಕೆ?"

ಉತ್ತರ ಹೊಳೆಯದಾಗ ಅವರು ಹೇಳುತ್ತಿದ್ದುದು ಒಂದೇ ಮಾತು. "ಸಭೇಲಿ ತೀರ್ಮಾನ ಆಗ್ಲಿ ಬುಡು."

ಆ ಸಭೆ ಬರುವುದಿತ್ತು. ಯಾಕೆಂದರೆ ನಮ್ಮ ಸೀಮೆಯಲ್ಲಿ ಹೋರಾಟ ಒಂದೇ ಆದರೂ ಹೋರಾಡುವವರು ಮೂರು ಗುಂಪು. ಪಟ್ಟಣದ ಖಾದಿಯವರು ಒಂದು, ನಮ್ಮವರಂಥ ಕಬ್ಬು ಬೆಳೆಯುವವರು ಒಂದು, ಮಂಡ್ಯದ ಸಕ್ಕರೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರು ಇನ್ನೊಂದು. ಮೂವರೂ ಬೇರೆ ಬೇರೆ ದಿನ ಮೆರವಣಿಗೆ ಹೊರಡುವುದು, ಬೇರೆ ಬೇರೆಯಾಗಿ ಏಟು ತಿನ್ನುವುದು, ಆಮೇಲೆ ಉಳಿದ ಇಬ್ಬರನ್ನು ಬೈಯುವುದು. ಪೋಲೀಸರಿಗೆ ಇದರಿಂದ ತುಂಬ ಅನುಕೂಲವಾಗಿತ್ತು. ಕೊನೆಗೆ ಮೂರು ಕಡೆಯ ದೊಡ್ಡವರಿಗೂ ಬುದ್ಧಿ ಬಂದು, ಒಂದು ಕಡೆ ಕೂತು ಇದುವರೆಗೆ ಸಿಕ್ಕಿದ್ದೇನು, ಸಿಗದೆ ಇದ್ದದ್ದೇನು ನೋಡಿ, ಇನ್ನು ಮುಂದೆ ಒಟ್ಟಿಗೆ ಹೋಗೋಣ ಅಂತ ಮಾತಾಗಿತ್ತು. ಆದರೆ ಗುಂಪು ಕೂಡಬಾರದು ಅಂತ ಸರ್ಕಾರದ ಆಜ್ಞೆ. ಪಟ್ಟಣದಲ್ಲಿ ಕೂತರೆ ಹಿಡಿಯುತ್ತಾರೆ. ಹಾಗಾಗಿ ನಮ್ಮ ಮನೆ.

ನನ್ನ ಗಂಡ ಗದ್ದೆಯಿಂದ ಬಂದು ಕಾಲು ತೊಳೆಯುತ್ತ ತಾಯಿಗೆ ಹೇಳಿದರು. ಅತ್ತೆ ಒರಳಿನ ಮುಂದೆ ಕೂತು ಖಾರ ಅರೆಯುತ್ತಿದ್ದರು. ನಾನು ಸೌದೆ ಎತ್ತಿಕೊಂಡು ಅಲ್ಲೇ ನಿಂತಿದ್ದೆ.

"ಅವ್ವಾ, ಬರೋ ಬೇಸ್ತವಾರ ನಮ್ಮನೇಲಿ ಮೂರು ಪಕ್ಷ ಸೇರ್ತವೆ. ಊಟ ಆಗ್ಬೇಕು."

ಒರಳಿನ ಗುಂಡು ನಿಂತಿತು. "ಮೂರೂನಾ?"

"ಮೂರೂ."

"ಎಲ್ರೂ ಒಪ್ಪವ್ರಾ?"

"ಒಪ್ಪವ್ರೆ ಕಣವ್ವ. ಇನ್ಮ್ಯಾಲೆ ಏನಿದ್ರೂ ಒಟ್ಟಿಗೆ ಅಂದವ್ರೆ."

"ಬಂದು ಜಗಳ ತೆಗೆಯಲ್ವೇನ್ಲಾ?"

"ತೆಗೀತರೆ. ನಾವು ಸಮಾಧಾನ ಮಾಡ್ಬೇಕು. ಈಟು ವರ್ಸ ದೂರ ಇದ್ದೋರು ಬತ್ತಾವ್ರಲ್ಲ, ಅದೇ ದೊಡ್ದು."

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಖಾರದ ಕೈ. ಆಮೇಲೆ ನಿಜವಾಗಿಯೇ ಅತ್ತರು.

ಇದರ ಒಳಗುಟ್ಟು ಹೀಗಿದೆ. ನಮ್ಮ ಮಾವನವರಿಗೆ ಇಬ್ಬರು ತಮ್ಮಂದಿರು. ಮನೆ ಪಾಲಾದ ಮೇಲೆ ಮೂರು ಮನೆಗೂ ಮಾತಿಲ್ಲ. ಪಕ್ಷವನ್ನೂ ಮೂರು ಮನೆಯಲ್ಲಿ ಬೇರೆ ಬೇರೆ ಮಾಡುತ್ತಿದ್ದರು. "ಸತ್ತೋರು ಮೂರು ಮನೆ ಸುತ್ತಿ ಉಣ್ಬೇಕಲ್ಲ, ಅವ್ರ ಒಟ್ಟೆ ಏನಾಗ್ಬೇಕು?" ಅಂತ ಅತ್ತೆ ಪ್ರತಿ ವರ್ಷ ಗೊಣಗುತ್ತಿದ್ದರು. ಈಗ ಮಗ ಬಂದು ಮೂರು ಪಕ್ಷ ಸೇರುತ್ತದೆ ಅಂದರೆ ಆಕೆ ಇನ್ನೇನು ತಿಳಿದುಕೊಳ್ಳಬೇಕು? ಮಗ ಹೇಳಿದ್ದು ಖಾದಿ, ಕಬ್ಬು, ಫ್ಯಾಕ್ಟರಿ. ತಾಯಿ ಕೇಳಿಸಿಕೊಂಡದ್ದು ಮೂರು ಮನೆಯ ಎಡೆ. ಇಬ್ಬರೂ ಸಂತೋಷವಾಗಿದ್ದರು. ನನಗೆ ಅನುಮಾನ ಬಂದರೂ ಬಾಯಿ ಬಿಡಲಿಲ್ಲ. ಸಭೆ ನಮ್ಮ ಮನೆಯಲ್ಲೇ ಆದರೆ ನನ್ನ ವಿಷಯ ನನ್ನ ಕಿವಿಗೇ ಬೀಳುತ್ತದೆ. ನಾನ್ಯಾಕೆ ಕೆಡಿಸಲಿ?

ಬೇಸ್ತವಾರ ಬೆಳಿಗ್ಗೆ ಅಂಗಳದಲ್ಲಿ ಕುರಿ ಕಟ್ಟಿತ್ತು. ನಮ್ಮ ಕಡೆ ಕುರಿ ಕುಯ್ಯಲು ಮದ್ದೂರಿನಿಂದ ಸಾಬರೊಬ್ಬರು ಬರುತ್ತಿದ್ದರು. ಅಮಾವಾಸ್ಯೆಯ ಹತ್ತಿರದಲ್ಲಿ ಅವರಿಗೆ ಊರೆಲ್ಲ ಕೆಲಸ, ಎಷ್ಟು ಹೊತ್ತಾದರೂ ಬರಲಿಲ್ಲ. ಅತ್ತೆ ಚಡಪಡಿಸುತ್ತಿದ್ದರು. ಅಷ್ಟರಲ್ಲಿ ಟೋಪಿ ಹಾಕಿಕೊಂಡ ಒಬ್ಬ ಸಾಬರು ಸೈಕಲ್ಲಿನಿಂದ ಇಳಿದರು. ಬಿಳೀ ಶರ್ಟು, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಅವರು ಫ್ಯಾಕ್ಟರಿಯ ಕೆಲಸಗಾರರ ಮುಖಂಡರು.

"ಬಂದ್ಯಾ ಸಾಬಣ್ಣ? ಒತ್ತಾಯ್ತು ಅಂತ ಕಾಯ್ತಿದ್ದೆ, ತಕೊ" ಅಂತ ಅತ್ತೆ ಅವರ ಕೈಗೆ ಕತ್ತಿ ಕೊಟ್ಟರು.

"ಅಮ್ಮಾ, ನಾನು ಫ್ಯಾಕ್ಟ್ರಿಯಿಂದ ಬಂದಿವ್ನಿ."

"ಎಲ್ಲಿಂದಾರ ಬಾರಪ್ಪ. ಕುರಿ ಇಲ್ಲೈತೆ."

"ನಾನು ಫಿಟ್ಟರ್ ಕಣಮ್ಮ. ಮಿಸೀನು ರಿಪೇರಿ ಮಾಡೋನು."

"ಇದಕ್ಕೆ ರಿಪೇರಿ ಬ್ಯಾಡ. ಕುಯ್ದ್ರೆ ಸಾಕು."

ಸಾಬರು ಮನೆಯ ಕಡೆ ನೋಡಿದರು, ಕುರಿಯ ಕಡೆ ನೋಡಿದರು. ಕುರಿಯೂ ಅವರನ್ನು ನೋಡಿತು. ಮುಖಂಡರಾಗಿ ಬಂದ ಮನೆಯಲ್ಲಿ ಮೊದಲ ಮಾತಿಗೇ ಇಲ್ಲ ಅನ್ನುವುದು ಹೇಗೆ ಅಂದುಕೊಂಡರೋ ಏನೋ, ಸೈಕಲ್ಲು ಗೋಡೆಗೆ ಒರಗಿಸಿ ತೋಳು ಮಡಿಸಿದರು. ಅವರು ಅದುವರೆಗೆ ಕೋಳಿಯನ್ನೂ ಕುಯ್ದಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ದೇವರ ಹೆಸರು ಹೇಳಿ ಕೆಲಸ ಮುಗಿಸಿದರು. ಶರ್ಟು ಮಾತ್ರ ಕೆಟ್ಟುಹೋಯಿತು. ಅತ್ತೆ ಒಳಗೆ ಹೋಗಿ ನಮ್ಮ ಸತ್ತ ಮಾವನವರ ಹಳೆಯ ಪಟ್ಟೆ ಅಂಗಿ ತಂದು, "ಇದುನ್ನ ಆಕೋ, ಅದುನ್ನ ನೆನೆಸ್ತೀನಿ" ಅಂದರು.

ಸಾರು ಕುದಿ ಬರುವ ಹೊತ್ತಿಗೆ ಮಂಡ್ಯದ ವಕೀಲರು ಬಂದರು. ಖಾದಿ ಪಂಚೆ, ಖಾದಿ ಟೋಪಿ. ಇವರು ನಮ್ಮವರೇ ಆದರೂ ಗಾಂಧಿ ಮಾರ್ಗ ಹಿಡಿದು ಮಾಂಸ ಬಿಟ್ಟಿದ್ದರು. ಅವರ ಹಿಂದೆ ಇಬ್ಬರು ಮೂವರು. ಅತ್ತೆ ನೀರು ಕೊಟ್ಟು, "ಯಾರ ಪಕ್ಷಕ್ಕೆ ಬಂದಿದ್ದೀರಿ?" ಅಂದರು. ಯಾವ ಮನೆಯ ನೆಂಟರು ಅಂತ ಅದರ ಅರ್ಥ.

ವಕೀಲರು ಹೆಮ್ಮೆಯಿಂದ, "ನಾವು ಖಾದಿ ಪಕ್ಷದವರು, ತಾಯಿ" ಅಂದರು.

"ಅದು ಯಾವೂರಪ್ಪ?"

ವಕೀಲರು ನನ್ನ ಗಂಡನ ಮುಖ ನೋಡಿದರು. ನಾನು ಒಲೆಯ ಹೊಗೆ ಅಂತ ನೆಪ ಮಾಡಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅತ್ತೆ ಮಗನನ್ನು ಹಿತ್ತಲಿಗೆ ಎಳೆದುಕೊಂಡು ಬಂದರು.

"ಇವ್ರೇನ್ಲಾ ನಿನ್ನ ಮೂರು ಪಕ್ಷ?"

"ಊಂ ಕಣವ್ವ. ಯೋಳಿದ್ನಲ್ಲ."

"ಅಂಗಾರೆ ನಿಮ್ಮ ಚಿಕ್ಕಪ್ಪದೀರು?"

"ಚಿಕ್ಕಪ್ಪದೀರು ಯಾಕವ್ವ ಬತ್ತರೆ?"

"ಯಾಕೆ ಅಂದ್ರೆ? ನಾನು ಅವ್ರ ಮನೆ ಬಾಗ್ಲಿಗೇ ಓಗಿ ಕರೆದಿವ್ನಿ."

ನನ್ನ ಗಂಡ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ಮಾವನವರ ಕೊನೆಯ ತಮ್ಮ ನಮ್ಮ ಚಿಕ್ಕಮಾವ. ಅವರಿಗೆ ಅಮಲ್ದಾರರ ಕಚೇರಿಯಲ್ಲಿ ಓಡಾಟ, ಸರ್ಕಾರದ ಕಡೆಯ ಮನುಷ್ಯ. ಇವರ ಸಭೆಯ ಸುಳಿವು ಸಿಕ್ಕಿದರೆ ಸಂಜೆಯೊಳಗೆ ಪೋಲೀಸು ಬರುತ್ತದೆ. ಅತ್ತೆ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ಕುರಿ ಬೇಯ್ತಾ ಐತೆ. ಯಾವ ಪಕ್ಷ ಬಂದ್ರೂ ಉಣ್ಲೇಬೇಕು" ಅಂತ ಒಳಗೆ ಹೋದರು.

ನಾನು ನೀರಿಗೆ ಅಂತ ಬೀದಿ ಬಾವಿಗೆ ಹೋದೆ. ಕೊಡ ಇಳಿಬಿಡುತ್ತಿರುವಾಗ ನೋಡುತ್ತೇನೆ, ರಸ್ತೆಯ ಕಡೆಯಿಂದ ಕಾಕಿ ಬಟ್ಟೆಯ ದಫೇದಾರರು ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದಾರೆ. ಅವರ ಜೊತೆಗೆ ಮಾತಾಡಿಕೊಂಡು ನಮ್ಮ ಚಿಕ್ಕಮಾವ, ಹಿಂದೆ ಅವರ ಮನೆಯ ಹೆಂಗಸರು. ನಡುವಿನ ಮಾವನ ಮನೆಯವರು ಮಾತ್ರ ಇರಲಿಲ್ಲ. ಕೊಡ ಬಾವಿಯಲ್ಲೇ ಬಿಟ್ಟು ಓಡಿದೆ.

ನಡುಮನೆಯಲ್ಲಿ ಎಡೆ ಇಟ್ಟಾಗಿತ್ತು. ಸಾಂಬ್ರಾಣಿ ಹೊಗೆ. ನನ್ನ ಮಾತು ಕೇಳಿ ಗಂಡಸರೆಲ್ಲ ಎದ್ದು ನಿಂತರೇ ಹೊರತು ಯಾರಿಗೂ ಎಲ್ಲಿಗೆ ಹೋಗಬೇಕು ಅಂತ ಹೊಳೆಯಲಿಲ್ಲ. ವಕೀಲರು ಟೋಪಿ ತೆಗೆದು ಹಾಕಿ, ಮತ್ತೆ ತೆಗೆದರು. ಅತ್ತೆ ನಡುಮನೆಯ ಬಾಗಿಲು ತೋರಿಸಿದರು.

"ಒಳೀಕೆ ಓಗಿ ಎಲ್ಲಾ. ಮುಚ್ತೀನಿ. ಅಮಾಸೆ ಪಕ್ಷದಲ್ಲಿ ಮುಚ್ಚಿದ ಬಾಗ್ಲ ಯಾವ ಪೋಲೀಸ್ನೋನೂ ತೆಗೆಯಲ್ಲ. ಎಡೆ ಮುಟ್ಟುಗಿಟ್ಟೀರಿ."

ಒಬ್ಬೊಬ್ಬರಾಗಿ ನುಗ್ಗಿದರು. ಸಾಬರು ಹೊಸ್ತಿಲಲ್ಲಿ ನಿಂತರು. "ಅಮ್ಮಾ, ನಾನೂ ಒಳಕ್ಕಾ?"

ಅತ್ತೆ ಒಳಗಿನ ಎಡೆಯ ಕಡೆ ಒಮ್ಮೆ ನೋಡಿದರು. ಆಮೇಲೆ, "ನೀನು ಕುಯ್ದಿದ್ದೇ ಅವ್ರ ಎಲೇಲಿ ಐತೆ. ನಡಿ" ಅಂದು ಬಾಗಿಲು ಎಳೆದುಕೊಂಡರು.

ದಫೇದಾರರು ಅಂಗಳಕ್ಕೆ ಬಂದು ನಿಂತು ನಿಧಾನವಾಗಿ ಎಲ್ಲ ನೋಡಿದರು. ಐವತ್ತರ ಹತ್ತಿರದ ಮನುಷ್ಯ, ಕೆರಗೋಡಿನ ಕಡೆಯವರು, ದಪ್ಪ ಮೀಸೆ. ಚಿಕ್ಕಮಾವ ಜಗಲಿಯ ಮೂಲೆಯಲ್ಲಿ ಮುಖ ತಿರುಗಿಸಿಕೊಂಡು ಕೂತರು. ಕರೆದಿದ್ದಕ್ಕೆ ಬಂದೆ, ಮಾತಾಡಲು ಬಂದಿಲ್ಲ ಅನ್ನುವ ಹಾಗೆ.

"ಏನಮ್ಮ, ಇಲ್ಲಿ ಜನ ಸೇರವ್ರೆ ಅಂತ ಸುದ್ದಿ."

"ಪಕ್ಷ ಕಣಪ್ಪ."

"ಯಾವ ಪಕ್ಷ?"

"ಯಾವ ಪಕ್ಷ ಅಂದ್ರೆ? ಅಮಾಸೆ ಪಕ್ಷ. ಎಡೆ ಇಟ್ಟು ಬಾಗ್ಲು ಆಕಿವ್ನಿ. ಇರೀಕರು ಉಣ್ತಾ ಅವ್ರೆ."

ದಫೇದಾರರು ಜಗಲಿಯ ಕೆಳಗೆ ನೋಡಿದರು. ಅಲ್ಲಿ ಚಪ್ಪಲಿಗಳ ರಾಶಿ, ಗೋಡೆಗೆ ನಾಲ್ಕಾರು ಸೈಕಲ್ಲು. "ಈಟೊಂದು ಮೆಟ್ಟು ಯಾರ್ದಮ್ಮ?"

"ಇರೀಕರ್ದೇ."

"ಅವ್ರು ಸೈಕಲ್ ಮ್ಯಾಲೆ ಬಂದ್ರಾ?"

"ಸತ್ತು ಬಾಳ ವರ್ಸ ಆಯ್ತಲ್ಲಪ್ಪ, ಅಷ್ಟು ದೂರ ನಡೆಯಕ್ಕಾಯ್ತದಾ?"

ದಫೇದಾರರ ಮೀಸೆ ಸ್ವಲ್ಪ ಅಲುಗಿತು. ಪೇಟ ತೆಗೆದು ಪಕ್ಕಕ್ಕಿಟ್ಟು ಜಗಲಿಯ ಮೇಲೆ ಕೂತರು. ಬಾಗಿಲಿಗೆ ಕೈ ಹಾಕಲಿಲ್ಲ, ಹೊರಟೂ ಹೋಗಲಿಲ್ಲ.

ಒಳಗಿನವರು ಮೊದಲು ಪಿಸುಪಿಸು ಅಂದುಕೊಂಡರು. ಆದರೆ ಮೂರು ಗುಂಪಿನ ಗಂಡಸರನ್ನು ಒಂದು ಕತ್ತಲೆ ಕೋಣೆಯಲ್ಲಿ ಹಸಿವಿನಲ್ಲಿ ಕೂರಿಸಿ, ಮುಂದೆ ಮಾಂಸದ ಎಡೆ ಇಟ್ಟು ಮುಟ್ಟಬೇಡಿ ಅಂದರೆ ಪಿಸುಮಾತು ಎಷ್ಟು ಹೊತ್ತು ನಿಂತೀತು? ಸ್ವಲ್ಪ ಸ್ವಲ್ಪವೇ ದನಿ ಏರಿತು. ವಕೀಲರು ದೆಹಲಿಯಲ್ಲಿ ಆದದ್ದನ್ನು ಹೇಳಿ, ನಮ್ಮಲ್ಲಿ ಇನ್ನೂ ಆಗದ್ದನ್ನು ಹೇಳಿದರು. ಸಾಬರು ತಡೆದು, ನಾವು ಕೆಲಸ ನಿಲ್ಲಿಸಿದ ದಿನ ಇದೇ ಕಬ್ಬಿನವರು ಗಾಡಿ ಕಟ್ಟಿಕೊಂಡು ಫ್ಯಾಕ್ಟರಿಗೆ ಬಂದರಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ ಅಂದರು. ಕಡಿದ ಕಬ್ಬು ಒಣಗುತ್ತಿತ್ತು, ತಲೆಯ ಮೇಲೆ ಇಟ್ಟುಕೊಳ್ಳಲಾ ಅಂತ ನನ್ನ ಗಂಡ. ಖಾದಿಯವರು ಮೆರವಣಿಗೆಗೆ ನಮ್ಮನ್ನು ಕರೆಯುತ್ತಾರೆ, ವೇದಿಕೆಗೆ ಕರೆಯುವುದಿಲ್ಲ ಅಂತ ಇಬ್ಬರೂ ಸೇರಿ ವಕೀಲರ ಮೇಲೆ ಬಿದ್ದರು. ಅದೊಂದರಲ್ಲಿ ಇಬ್ಬರೂ ಒಂದಾದರು. ಕೊನೆಗೆ ವಕೀಲರೂ ಗಂಟಲು ಬಿಟ್ಟರು. "ನಮಗೆ ಬೇಕಾದ್ದು ಜವಾಬ್ದಾರಿ ಸರ್ಕಾರ, ಜವಾಬ್ದಾರಿ ಸರ್ಕಾರ" ಅಂತ ಎರಡು ಸಲ ಸ್ಪಷ್ಟವಾಗಿ ಕೇಳಿಸಿತು.

ದಫೇದಾರರು ಎಲೆಗೆ ಸುಣ್ಣ ಸವರುತ್ತ, "ನಿಮ್ಮ ಇರೀಕರು ಜವಾಬ್ದಾರಿ ಸರ್ಕಾರ ಕೇಳ್ತಾ ಅವ್ರಲ್ಲಮ್ಮ" ಅಂದರು.

ಅತ್ತೆ ಕದಲಲಿಲ್ಲ. "ನಮ್ಮೆಜಮಾನ್ರು ಬದುಕಿದ್ದಾಗ್ಲೂ ಅಂಗೇ ಕಣಪ್ಪ. ಮನೇಲಿ ಇಲ್ದೇ ಇರೋದುನ್ನೇ ಕೇಳೋರು. ಮಳೆಗಾಲ್ದಲ್ಲಿ ಮಾವಿನಣ್ಣು."

ನಾನು ಕಂಬಕ್ಕೆ ಹಣೆ ಇಟ್ಟು ನಗು ನುಂಗಿದೆ.

ಅಷ್ಟರಲ್ಲಿ ಒಳಗೆ ನನ್ನ ಗಂಡನ ದನಿ. ಅವರ ದನಿ ಥೇಟು ಸತ್ತ ಅಪ್ಪನದೇ ಅಂತ ಊರೆಲ್ಲ ಹೇಳುತ್ತಿತ್ತು. ಖಾದಿಯವರ ಬಗ್ಗೆ ಅವರು ಸಾಬರಿಗೆ ಹೇಳಿದ ಮಾತು ಬಾಗಿಲ ಸಂದಿನಿಂದ ಗೊಗ್ಗರಾಗಿ ಹೊರಗೆ ಬಂತು. "ನಂಬ್ಸಿ ಕೈ ಕೊಟ್ಟೋರು ಯಾರು? ನಮ್ಮೋರೇ. ಅದುನ್ನ ಮೊದ್ಲು ಒಪ್ಕಳ್ಲಿ."

ಮೂಲೆಯಲ್ಲಿ ಕೂತಿದ್ದ ಚಿಕ್ಕಮಾವ ಧಿಗ್ಗನೆ ಎದ್ದು ನಿಂತರು. ಒಳಗೆ ಯಾರಿದ್ದಾರೆ ಅಂತ ಅವರಿಗೆ ಗೊತ್ತಿರಲಿಲ್ಲ. ಸತ್ತ ಅಣ್ಣನ ದನಿ ಮಾತ್ರ ಗೊತ್ತಿತ್ತು. ಬಾಗಿಲಿಗೆ ಕೈ ಮುಗಿದರು.

"ಒಪ್ಕಂಡೆ ಕಣಣ್ಣಾ. ತೆವರಿ ಒತ್ತಿದ್ದು ನಾನೇ. ಬುಡ್ತೀನಿ. ನಾಳೀಕೇ ಬುಡ್ತೀನಿ."

ಗದ್ದೆಯ ತೆವರಿಯನ್ನು, ಅಂದರೆ ನಡುವಿನ ಬದುವನ್ನು, ನಮ್ಮ ಕಡೆಗೆ ಒತ್ತಿ ಒತ್ತಿ ಅವರು ಒಂದು ಸಾಲು ಕಬ್ಬಿನಷ್ಟು ಜಾಗ ನುಂಗಿದ್ದರು. ಮನೆಗಳ ನಡುವೆ ಮಾತು ನಿಂತದ್ದು ಅದಕ್ಕೇ. ಹತ್ತು ಸಲ ಪಂಚಾಯ್ತಿ ಸೇರಿದಾಗ ಆಣೆ ಮಾಡಿ ಇಲ್ಲ ಅಂದಿದ್ದ ಮನುಷ್ಯ. ಅತ್ತೆ ತಕ್ಷಣ, "ಕೇಳಿಸ್ಕಂಡ್ರಾ ದಫೇದಾರ್ರೇ? ನೀವೇ ಸಾಕ್ಸಿ" ಅಂದರು.

"ಬರ್ಕೊಂಡೆ ಅನ್ಕೊಳಮ್ಮ" ಅಂತ ದಫೇದಾರರು ಎಲೆ ಬಾಯಿಗಿಟ್ಟರು. ಆ ಮನುಷ್ಯನಿಗೆ ಎಲ್ಲ ಗೊತ್ತಾಗಿತ್ತು ಅಂತ ನನಗೆ ಆಗ ಖಾತ್ರಿಯಾಯಿತು.

ಒಳಗೆ ಜ್ವರ ಇಳಿದ ಹಾಗೆ ಮಾತು ಹದಕ್ಕೆ ಬಂತು. ಇನ್ನು ಮೂವರೂ ಒಂದೇ ದಿನ, ಒಂದೇ ಸಾಲಾಗಿ ಮದ್ದೂರಿಗೆ. ಮುಂದೆ ಯಾರು, ಬಾವುಟ ಯಾರ ಕೈಲಿ ಅಂತ ಒಂದಿಷ್ಟು ಎಳೆದಾಡಿ ಅದೂ ಮುಗಿಯಿತು. ಆಮೇಲೆ ವಕೀಲರು, "ಹೆಂಗಸರ ವಿಷಯ" ಅಂದರು. ನನ್ನ ನಗು ಅಲ್ಲಿಗೆ ನಿಂತಿತು.

"ಬೇರೆ ಕಡೆಯೆಲ್ಲ ಹೆಂಗಸರು ಹೊರಟಿದ್ದಾರೆ. ನಮ್ಮಲ್ಲೂ ಹೊರಡಬೇಕು" ಅಂದರು ವಕೀಲರು.

"ಪಟ್ಟಣದೋರು ಬೇಕಾರೆ ಬರ್ಲಿ. ಅಳ್ಳಿ ಎಂಗಸ್ರಿಗೆ ಲಾಠಿ ಬಿದ್ರೆ ಮನೆ ನೋಡೋರು ಯಾರು? ನಮ್ಮನೇರಂತೂ ಬ್ಯಾಡ" ಅಂದರು ನನ್ನ ಗಂಡ. ನಮ್ಮನೇರು ಅಂದರೆ ನಾನು.

ಸಾಬರಿಗೆ ಎರಡೂ ಸರಿ ಅನಿಸಿತು. ಉಳಿದವರು ಲಾಠಿ ಲಾಠಿ ಅಂತ ಗೊಣಗಿದರು. ಆಗುವುದಿಲ್ಲ ಅಂತ ಆಗುತ್ತಿತ್ತು. ಬಾಗಿಲ ಈಚೆ ನಾನು. ಒಳಗೆ ಹೋಗಿ ಮಾತಾಡುವ ಹಾಗಿಲ್ಲ, ಬಾಗಿಲು ತೆಗೆದರೆ ಎಲ್ಲರೂ ಸಿಕ್ಕಿಬೀಳುತ್ತಾರೆ. ಲಾಠಿಯವರು ಪಕ್ಕದಲ್ಲೇ ಕೂತು ಎಲೆ ಅಗಿಯುತ್ತಿದ್ದಾರೆ. ಲಾಠಿಯ ವಿಷಯ ಅವರನ್ನೇ ಕೇಳಿದರೆ ಆಯಿತಲ್ಲ ಅನಿಸಿತು. ಚಿಕ್ಕಮಾವನ ಎದುರಿಗೆ ಸೊಸೆ ಬಾಯಿ ಬಿಡಬಾರದು, ಪರಗಂಡಸಿನ ಜೊತೆಗಂತೂ ಕೂಡದು. ಬಿಟ್ಟೆ.

"ಅಣ್ಣಾ, ಎಂಗಸ್ರು ಮೆರವಣಿಗೆ ಬಂದ್ರೆ ನೀವು ಒಡೀತೀರಾ?"

ದಫೇದಾರರು ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು, ಪಕ್ಕಕ್ಕೆ ತಿರುಗಿ ಎಲೆ ಉಗುಳಿ ಬಾಯಿ ಖಾಲಿ ಮಾಡಿಕೊಂಡರು. ಆಮೇಲೆ ಕಿವುಡರಿಗೆ ಹೇಳುವ ಹಾಗೆ ದನಿ ಎತ್ತಿದರು.

"ಎಂಗಸ್ರ ಮ್ಯಾಲೆ ಲಾಠಿ ಎತ್ತಕ್ಕೆ ನಮಗೆ ಆಡ್ರಿಲ್ಲ ಕಣಮ್ಮ. ಅವ್ರು ಮುಂದೆ ನಿಂತ್ರೆ ಇಂದಿರೋ ಗಂಡಸ್ರನ್ನೂ ಒಡೆಯಕ್ಕೆ ಆಗಲ್ಲ. ನಮಗೆ ದೊಡ್ಡ ತಲೆನೋವೇ ಅದು."

ನಾನು ಬಾಗಿಲಿಗೆ ಎರಡು ಗುದ್ದು ಹಾಕಿದೆ. "ಇರೀಕರೇ, ಕೇಳಿಸ್ತಾ?"

ಮಾವನವರ ದನಿಯಲ್ಲಿ ನನ್ನ ಗಂಡ, ಬಲು ಬೇಸರದಿಂದ, "ಕೇಳಿಸ್ತು" ಅಂದರು.

"ಏನಂತೀರಿ?"

ಒಳಗೆ ಗುಸುಗುಸು. "ಬರ್ಲಿ ಅಂತೀವಿ."

ಚಿಕ್ಕಮಾವ ಶಿವ ಶಿವಾ ಅಂತ ಗಲ್ಲ ಬಡಿದುಕೊಂಡರು.

ದಫೇದಾರರು ಎದ್ದು ಜಗಲಿಯ ಅಂಚಿಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತರು. "ನಮ್ಮೂರಲ್ಲೂ ಇವತ್ತೇ ಪಕ್ಷ ಕಣಮ್ಮ. ರಜ ಕೊಡ್ಲಿಲ್ಲ. ನಾನು ಇತ್ಲಾಗೆ ನೋಡ್ತಾ ಇರ್ತೀನಿ. ಇರೀಕರ ಊಟ ಆಗಿದ್ರೆ ಎದ್ದು ಓಗ್ಲಿ, ನಮ್ಮ ಎಲೆ ಆಕು."

ಅತ್ತೆ ಬಾಗಿಲು ತೆಗೆದರು. ಸಾಂಬ್ರಾಣಿ ಹೊಗೆಯ ಮಧ್ಯದಿಂದ ಮೊದಲು ಹೊರಗೆ ಬಂದವರು ಸಾಬರು, ನಮ್ಮ ಮಾವನವರ ಪಟ್ಟೆ ಅಂಗಿಯಲ್ಲಿ, ಕೆಮ್ಮುತ್ತ. ಅಣ್ಣನ ಅಂಗಿ ನೋಡಿದ್ದೇ ಚಿಕ್ಕಮಾವ ಮೂರ್ಛೆ ಬಿದ್ದರು. ಅವರಿಗೆ ನೀರು ಚಿಮುಕಿಸಿ ಎಬ್ಬಿಸಿ ಯಾರು ಏನು ಅಂತ ತಿಳಿಸುವ ಹೊತ್ತಿಗೆ ಅವರಿಗೆ ಬೇರೆ ಭಯ ಹತ್ತಿತ್ತು. ಒಪ್ಪಿಕೊಂಡದ್ದನ್ನು ಪೋಲೀಸರು ಕೇಳಿಯಾಗಿತ್ತು. ಅವರು ಅಮಲ್ದಾರರ ಕಚೇರಿಗೆ ಹೋಗಿ ಬಾಯಿ ಬಿಡಲೂ ಇಲ್ಲ, ತೆವರಿಯನ್ನು ಹಿಂದಕ್ಕೆ ಹಾಕದೆ ಇರಲೂ ಇಲ್ಲ.

ಊಟಕ್ಕೆ ಎಲ್ಲರೂ ಒಂದೇ ಸಾಲು. ದಫೇದಾರರ ಎಲೆಯ ಪಕ್ಕಕ್ಕೆ ಬಂದದ್ದು ವಕೀಲರ ಎಲೆ. ಟೋಪಿ ಎಲ್ಲಿ ಮುಚ್ಚಿಟ್ಟಿದ್ದರೋ, ಬೋಳುತಲೆಯಲ್ಲಿ ಕೂತಿದ್ದರು.

"ಸ್ವಾಮಿ ಯಾವ ಕಡೆ ನೆಂಟ್ರು?"

"ಬಸರಾಳು ಕಡೆ."

"ಬಸರಾಳು ಕಡೆ ನೆಂಟ್ರು ಬರೀ ಮುದ್ದೆ ಮುರೀತಾ ಅವ್ರಲ್ಲ. ತುಂಡು ಆಕಮ್ಮ ಅವ್ರಿಗೆ."

ನಾನು ಹಾಕಿದೆ. ವಕೀಲರು ನನ್ನ ಮುಖ ನೋಡಿದರು, ನಾನು ಬೇರೆ ಕಡೆ ನೋಡಿದೆ. ಕಣ್ಣು ಮುಚ್ಚಿ ಒಂದು ತುಂಡು ಬಾಯಿಗಿಟ್ಟರು. ಎರಡನೆಯ ಸಲ ನಾನು ಬಂದಾಗ ಅವರೇ ಎಲೆ ಮುಂದಕ್ಕೆ ತಳ್ಳಿದರು.

ಸೋಮವಾರ ಮೆರವಣಿಗೆ. ನಮ್ಮ ಊರಿನಿಂದಲೂ ಅಕ್ಕಪಕ್ಕದ ಊರುಗಳಿಂದಲೂ ಹೆಂಗಸರು ಹೊರಟೆವು, ಕೇರಿಯವರೂ ಬಂದರು. ಅತ್ತೆ ಮನೆಯಲ್ಲಿ ಇರುತ್ತಾರೆ ಅಂದುಕೊಂಡಿದ್ದೆ. ಸೀರೆ ಎತ್ತಿಕಟ್ಟಿ ನನ್ನ ಪಕ್ಕಕ್ಕೆ ಬಂದು, "ಬೀಳೋದಾರೆ ಇಬ್ರಿಗೂ ಬೀಳ್ಲಿ, ನಡಿ" ಅಂದರು. ನಾವು ಮುಂದೆ, ಗಂಡಸರು ಹಿಂದೆ. ಖಾದಿ ಯಾರು, ಕಬ್ಬು ಯಾರು, ಫ್ಯಾಕ್ಟರಿ ಯಾರು ಅಂತ ಹೇಳಲು ಆಗದಷ್ಟು ಕಲಸಿಹೋಗಿದ್ದರು. ನಾನು ಕೂಗಿದೆ. ಗಿಣಿಗೆ ಕೂಗುತ್ತಿದ್ದುದರ ಎರಡರಷ್ಟು ಕೂಗಿದೆ. ನಾನು "ಜವಾಬ್ದಾರಿ ಸರ್ಕಾರ" ಅಂದರೆ ಹಿಂದಿನಿಂದ "ಬೇಕೇ ಬೇಕು" ಅಂತ ಬರುತ್ತಿತ್ತು, ಹೊಳೆ ಬಂದ ಹಾಗೆ. ಮದ್ದೂರಿನ ಅಂಗಡಿಯವರು ತಕ್ಕಡಿ ಬಿಟ್ಟು ಬೀದಿಗೆ ಬಂದು ನಿಂತರು. ತಲೆ ಹಗುರಾಗಿ, ಕಾಲು ನೆಲಕ್ಕೆ ತಾಗುತ್ತಿಲ್ಲ ಅನಿಸಿತು.

ಕಚೇರಿಯ ಮುಂದೆ ಪೋಲೀಸರು. ದಫೇದಾರರು ಹೇಳಿದ್ದು ನಿಜವಾಯಿತು, ಲಾಠಿ ಏಳಲಿಲ್ಲ. ಆದರೆ ಲಾರಿ ಇತ್ತು. ಮುಂದೆ ನುಗ್ಗಿದ ಗಂಡಸರನ್ನು ಹಿಡಿದು ಮಂಡ್ಯದ ಜೈಲಿಗೆ ಹೊರಡಿಸಿದರು. ನನ್ನ ಗಂಡ, ಸಾಬರು, ವಕೀಲರು ಮೂವರೂ ಒಂದೇ ಲಾರಿ. ಹೆಂಗಸರನ್ನು ಕೂಡಿಹಾಕಲು ಅಲ್ಲಿ ಜಾಗವಿಲ್ಲ. ಅದಕ್ಕೆ ಇನ್ನೊಂದು ಲಾರಿಯ ಹಿಂದಿನ ಹಲಗೆ ಇಳಿಸಿದರು. ಇಳಿಸಿದವರು ನಮ್ಮ ದಫೇದಾರರೇ. ನಮ್ಮಲ್ಲಿ ಮುಕ್ಕಾಲುಪಾಲು ಜನ ಮೋಟಾರು ಹತ್ತಿದವರಲ್ಲ. ಲಾರಿ ಹೊರಟಿದ್ದೇ ಒಬ್ಬರ ಮೇಲೊಬ್ಬರು ಬಿದ್ದೆವು, ಎದ್ದೆವು, ಮತ್ತೆ ಬಿದ್ದೆವು. ಗಾಳಿಗೆ ಸೆರಗು ಹಾರಿ ಹಿಂದಿನವರ ಮುಖಕ್ಕೆ. ಯಾರೋ ಸೋಬಾನೆ ಹಾಡು ಎತ್ತಿಕೊಂಡರು. ಅರೆಸ್ಟಾಗಿದ್ದೇವೆ ಅನ್ನುವುದು ಯಾರಿಗೂ ನೆನಪಿರಲಿಲ್ಲ.

ಮಳವಳ್ಳಿ ರಸ್ತೆಯಲ್ಲಿ ಬಹಳ ದೂರ ಹೋಗಿ, ಮನೆ ಮಠ ಇಲ್ಲದ ಕಡೆ ನಿಲ್ಲಿಸಿದರು. ನಮ್ಮನ್ನು ಅಲ್ಲಿ ಬಿಟ್ಟುಹೋಗಬೇಕು ಅಂತ ಅವರಿಗೆ ಹೇಳಿ ಕಳಿಸಿದ್ದರಂತೆ.

"ಇಳೀರಮ್ಮ" ಅಂದರು ದಫೇದಾರರು.

ಅತ್ತೆ ಹಲಗೆಯ ಮೇಲೆ ಭದ್ರವಾಗಿ ಕೂತಿದ್ದರು. "ಇನ್ನೊಂಚೂರು ಮುಂದಕ್ಕೆ ಓಗಪ್ಪ. ಮಳವಳ್ಳೀಲಿ ನನ್ನ ತಂಗಿ ಮನೆ ಐತೆ. ನೋಡಿ ಬಾಳ ದಿನ ಆಯ್ತು."

"ಅಮ್ಮಾ, ಇದು ಅರೆಸ್ಟು ಕಣಮ್ಮ. ಬಸ್ಸಲ್ಲ."

"ಅರೆಸ್ಟಾದ್ರೆ ಸರಿಯಾಗಿ ಮಾಡು. ಅರ್ಧ ದಾರೀಲಿ ಇಳಿಸ್ತೀಯಲ್ಲ."

ಕೊನೆಗೂ ಇಳಿದೆವು. ಲಾರಿ ಧೂಳೆಬ್ಬಿಸಿ ಹೊರಟುಹೋಯಿತು. ನಿಂತು ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕೆವು, ಕೂತು ನಕ್ಕೆವು. ಆಮೇಲೆ ಮದ್ದೂರಿನ ಕಡೆ ತಿರುಗಿ ನಡೆದೆವು. ದಾರಿಯುದ್ದಕ್ಕೂ ಕೂಗಿದೆವು, ಕೇಳಲು ಎಮ್ಮೆ, ಕೊಕ್ಕರೆ ಬಿಟ್ಟರೆ ಯಾರೂ ಇರಲಿಲ್ಲ. ಯಾರದೋ ಗದ್ದೆಯ ಕಬ್ಬು ಮುರಿದೆವು, ನಾನು ಮುರಿದದ್ದನ್ನು ಕೇರಿಯ ಹೆಂಗಸು ಸಿಗಿದಳು, ಅವಳು ಸಿಗಿದದ್ದನ್ನು ಅತ್ತೆ ಅಗಿದರು. ಮನೆ ಸೇರುವ ಹೊತ್ತಿಗೆ ನನ್ನ ಅಂಗಾಲಿನಲ್ಲಿ ಬೊಬ್ಬೆ. ಗಂಟಲು ಪೂರ್ತಿ ಬಿದ್ದುಹೋಗಿತ್ತು.

ಮತ್ತೆ ಹೋದೆವು, ಒಂದು ಸಲ ಅಲ್ಲ. ಎರಡನೆಯ ಸಲದಿಂದ ಸೊಂಟಕ್ಕೆ ಬುತ್ತಿ ಕಟ್ಟಿಕೊಂಡೇ ಹೊರಡುತ್ತಿದ್ದೆವು. ಹೋಗಲು ಸರ್ಕಾರದ ಲಾರಿ, ಬರಲು ಕಾಲು ಅಂತ ಗೊತ್ತಾಗಿತ್ತಲ್ಲ.

ಅಷ್ಟರಲ್ಲಿ ಮಹಾರಾಜರು ಒಪ್ಪಿದರು, ಜನರ ಸರ್ಕಾರ ಬರುತ್ತದೆ ಅಂತ ಸುದ್ದಿ ಬಂತು. ಜೈಲಿನಿಂದ ಗಂಡಸರನ್ನು ಬಿಟ್ಟರು. ನನ್ನ ಗಂಡನಿಗೆ ಊರ ಮುಂದೆ ಹಾರ ಹಾಕಿದರು. ಸ್ವಲ್ಪ ದಪ್ಪಗಾಗಿದ್ದರು. ಮನೆಗೆ ಬಂದು ಜಗಲಿಯ ಮೇಲೆ ಕೂತು, ನಾನು ಕಾಲಿಗೆ ಹರಳೆಣ್ಣೆ ಹಚ್ಚಿಕೊಳ್ಳುವುದನ್ನು ನೋಡಿದರು.

"ನಡೆದ್ಯಂತೆ?"

"ನಡೆದೆ."

"ಬಾಳ ದೂರವಾ?"

"ನಿಮಗಿಂತ ಜಾಸ್ತಿ. ನೀವು ಕೂತಿದ್ರಲ್ಲ."